ಬಿಟ್ಟ ಗೆರೆ

ಬರೆಯುವ ಪರೀಕ್ಷೆಯಾಗಿದ್ದರೆ ಆಶಾರಾಣಿ ಹೆದರುವವಳೇ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ಎಪ್ಪತ್ತೆಂಟು ತೆಗೆದವಳು. ಆದರೆ ಈ ಪುಣ್ಯಾತ್ಮರು ತಂದಿದ್ದೇ ಬೇರೆ ಥರದ ಪರೀಕ್ಷೆ. ಬೆಳಿಗ್ಗೆ ಹತ್ತಕ್ಕೆ ಒಬ್ಬರು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಸಂಜೆ ಐದರವರೆಗೆ ಮಾತಿಲ್ಲ ಕತೆಯಿಲ್ಲ, ಕೆಲಸ ಮಾಡುವುದನ್ನು ನೋಡುತ್ತಾರಂತೆ. ಮೂವತ್ತು ಕಲಮಿನ ಒಂದು ಹಾಳೆ, ಒಂದೊಂದಕ್ಕೂ ಸರಿ ಅಥವಾ ತಪ್ಪು ಗುರುತು. ಹೊಸ ಸೊಸೆ ಮೊದಲ ಸಲ ಮುದ್ದೆ ತಿರುವುವಾಗ ಅತ್ತೆ ಒಲೆ ಪಕ್ಕ ಕೂತ ಹಾಗೆ. ಯಾರ ಮುದ್ದೆ ಗಂಟಾಗುವುದಿಲ್ಲ ಹೇಳಿ?

ಇದು ತೊಂಬತ್ತೆಂಟನೇ ಇಸವಿಯ ಮಾತು. ಹುಟ್ಟು ಸಾವು ಬರೆಯುವವರಿಗೂ ಒಂದು ವೃತ್ತಿ ಅರ್ಹತಾ ಪತ್ರ ಇರಬೇಕು ಅಂತ ಮೇಲಿನವರ ತಲೆಗೆ ಯಾರೋ ತುಂಬಿದ್ದರು. ಪ್ರಯೋಗಕ್ಕೆಂದು ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನಿಂದ ಹನ್ನೆರಡು ಮಂದಿ ಗ್ರಾಮಲೆಕ್ಕಿಗರನ್ನು ಆರಿಸಿದರು. ಮೂರು ತಿಂಗಳು ಪಾಠ, ಒಂದು ಮಂಗಳವಾರ ಇಲ್ಲಿ, ಇನ್ನೊಂದು ಮಂಗಳವಾರ ಅಲ್ಲಿ. ಪಾಸಾದವರಿಗೆ ಪತ್ರ. ಆಗದವರ ಜನನ ಮರಣದ ಪುಸ್ತಕ ಪಕ್ಕದ ವೃತ್ತದ ಲೆಕ್ಕಿಗರ ಕೈಗೆ. ಆಶಾರಾಣಿಯ ಪಾಡು ಇನ್ನೂ ಬಿಗಿ. ಅಪ್ಪ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಸಿಕ್ಕಿದ ಕೆಲಸ, ಮೂರು ವರ್ಷವಾದರೂ ಪ್ರೊಬೇಷನ್ ಮುಗಿದಿರಲಿಲ್ಲ. ಈ ಪತ್ರ ಬರದಿದ್ದರೆ ಕಾಯಂ ಮಾತೇ ಎತ್ತಬೇಡ ಅಂತ ತಹಶೀಲ್ದಾರರು ಬಾಯಿಬಿಟ್ಟೇ ಹೇಳಿದ್ದರು.

ಇಷ್ಟಾದರೂ ಅವಳು ನಿದ್ದೆಗೆಟ್ಟಿದ್ದು ಹಾಳೆಗೂ ಅಲ್ಲ, ಪಕ್ಕದಲ್ಲಿ ಕೂರಲಿರುವ ಆ ಅತ್ತೆಗೂ ಅಲ್ಲ. ಏಳು ಗೆರೆಗೆ.

ಕವಲಂದೆಯಿಂದಾಚೆ ಅವಳ ಚಾವಡಿ. ಅಲ್ಲಿ ಅವಳಿಗಿಂತ ಮೊದಲಿದ್ದವರು ಸಣ್ಣಯ್ಯ. ಇಪ್ಪತ್ತೆರಡು ವರ್ಷ ಪುಸ್ತಕ ಬರೆದು ನಿವೃತ್ತರಾದವರು. ಹೋಗುವಾಗ ಅವಳಿಗೆ ಬೀಗದ ಕೈ ಕೊಟ್ಟು, ಕಿವಿಯಲ್ಲಿ ಒಂದು ಮಾತನ್ನೂ ಹಾಕಿ ಹೋಗಿದ್ದರು. “ಜನನದ ಪುಸ್ತಕದಲ್ಲಿ ಎರಡು ತಿಂಗಳಿಗೆ ಒಂದಾದ್ರೂ ಗೆರೆ ಖಾಲಿ ಬುಟ್ಟಿರು ಮಗಾ. ನಂಬರ್ ಹಾಕು, ಹೆಸರು ಹಾಕ್ಬೇಡ. ನಮ್ ಜನ ಕೂಲಿಗೆ ಅಂತ ಹೋಗ್ತವೆ, ವರ್ಷ ತುಂಬಿಸ್ಕಂಡು ಬರ್ತವೆ. ವರ್ಷ ದಾಟಿದ್ರೆ ಕೋರ್ಟಿಗೆ ಅಲೀಬೇಕು. ಆ ಗೆರೇಲಿ ಬರ್ಕೊಟ್ರೆ ಅವುಕ್ಕೂ ಸುಖ, ನಿಂಗೂ ಪುಣ್ಯ.” ಆಶಾರಾಣಿ ಬಿಟ್ಟಳು; ಈಗಿನ ಪುಸ್ತಕದಲ್ಲಿ ಅಂಥವು ಏಳು ಉಳಿದಿದ್ದವು. ಬಿಡುವುದರಲ್ಲಿ ಅವಳಿಗೆ ಒಂದು ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಊರಿನವರು ಅವಳನ್ನು ಒಳ್ಳೆಯವಳು ಅನ್ನುತ್ತಿದ್ದರು.

ಪಾಠದಲ್ಲಿ ಮೊದಲ ದಿನವೇ ಹೇಳಿಬಿಟ್ಟರು. ಖಾಲಿ ಗೆರೆ ಅಂದರೆ ಕಳ್ಳಬಾಗಿಲು. ಅದರಲ್ಲಿ ಬಡವರ ಮಗುವೂ ನುಗ್ಗುತ್ತದೆ, ಹದಿನಾಲ್ಕರ ಹುಡುಗಿಯನ್ನು ಹದಿನೆಂಟು ಮಾಡಿ ಧಾರೆ ಎರೆಯುವವನೂ ನುಗ್ಗುತ್ತಾನೆ. ಖಾಲಿ ಗೆರೆ ಸಿಕ್ಕಿದ ಪುಸ್ತಕದವರು ಮೂವತ್ತರಲ್ಲಿ ಮೂವತ್ತು ತೆಗೆದರೂ ಅನುತ್ತೀರ್ಣ.

ನರಸೀಪುರದ ಟೀ ಅಂಗಡಿಯಲ್ಲಿ ಹೆಮ್ಮಿಗೆ ಕಡೆಯ ಗುರು ಅನ್ನುವವನು ನಕ್ಕುಬಿಟ್ಟಿದ್ದ. ಅವನೂ ಹನ್ನೆರಡರಲ್ಲಿ ಒಬ್ಬ. “ನಂದು ಹತ್ತು ಗೆರೆ ಇತ್ತು ಕಣಮ್ಮ. ಎಲ್ಲಾ ತುಂಬಿಸ್ಬುಟ್ಟೆ. ಹತ್ತು ಕೂಸು, ಹತ್ತು ಹೆಸರು. ಯಾವ ನನ್ಮಗ ಮನೆಮನೆಗೆ ಹೋಗಿ ತೊಟ್ಲು ನೋಡ್ತಾನೆ?”

“ಹುಟ್ಟದೇ ಇರೋ ಮಕ್ಕಳನ್ನ ಬರೆದ್ರಾ?”

“ಹುಟ್ಟಿರೋವು ಎಷ್ಟೋ ಬರೆಸ್ಕೊಳ್ದೇ ಅವೆ. ಲೆಕ್ಕ ಸರಿಹೋಯ್ತು ಬುಡು.”

ಅವಳೂ ಪೆನ್ನು ಹಿಡಿದು ಕೂತಿದ್ದುಂಟು. ಒಂದು ಹೆಸರೂ ಕೈಗೆ ಬರಲಿಲ್ಲ.

ಜುಲೈ ಹದಿನೈದು, ಬುಧವಾರ. ಹತ್ತಕ್ಕೆ ಸರಿಯಾಗಿ ಬಂದವರು ಪುಟ್ಟಲಕ್ಷ್ಮಿ ಅನ್ನುವ ಮೇಡಂ. ಮೈಸೂರಿನವರು, ಐವತ್ತರ ಆಸುಪಾಸು, ಕಾಟನ್ ಸೀರೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಕಾಫಿ ಬೇಡ, ಎಳನೀರು ಬೇಡ. “ಐದರವರೆಗೆ ಮೇಜು ಬಿಟ್ಟು ಏಳುವ ಹಾಗಿಲ್ಲ. ಎದ್ದರೆ ಪರೀಕ್ಷೆ ರದ್ದು. ಪುಸ್ತಕ ಚಾವಡಿ ಹೊಸಿಲು ದಾಟುವ ಹಾಗಿಲ್ಲ,” ಅಂದವರು ಕುರ್ಚಿ ಎಳೆದುಕೊಂಡರು. ಮೊದಲು ಬಂದವರ ಅರ್ಜಿಗಳನ್ನು ನೋಡಿದರು, ಆಮೇಲೆ ಮರಣದ ಪುಸ್ತಕ. ಮಧ್ಯಾಹ್ನ ಒಂದೂಮುಕ್ಕಾಲಿಗೆ ಜನನದ ಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡು ಮೊದಲ ಪುಟ ತೆರೆದರು. ಮೊದಲ ಖಾಲಿ ಗೆರೆ ಇದ್ದಿದ್ದು ಒಂಬತ್ತನೇ ಪುಟದಲ್ಲಿ.

ಅವರು ನಾಲ್ಕನೇ ಪುಟದಲ್ಲಿದ್ದಾಗ ಸಾಕಮ್ಮ ಒಳಗೆ ಬಂದಳು. ಕಂಕುಳಲ್ಲಿ ಒಂದು ಕೂಸು, ತಲೆಯ ತುಂಬ ಬನ್ನೂರು ರಸ್ತೆಯ ಧೂಳು. ಅಲ್ಲಿನ ಆಲೆಮನೆಗಳ ಸುತ್ತ ಕಬ್ಬು ಕಡಿಯಲು ಹೋಗಿದ್ದವಳು ಈಗ ವಾಪಸು ಬಂದಿದ್ದಳು.

“ಮೇಡಮ್ಮೋರೆ, ಬಂದೆ ಕನವ್ವ. ಮೊಮ್ಮಗಳಿಗೆ ಒಂದು ಗೆರೆ ಮಡಗಿವ್ನಿ, ಯಾವಾಗ್ಲಾದ್ರೂ ಬಾ ಅಂದಿದ್ರಲ್ಲ. ಅದ್ರಲ್ಲಿ ಬರ್ಕೊಂಬುಡಿ.”

ಅಯ್ಯೋ ಶಿವನೇ! ಪುಟ ತಿರುವುತ್ತಿದ್ದ ಕೈ ನಿಂತಿತು. ಪುಟ್ಟಲಕ್ಷ್ಮಿ ತಲೆ ಎತ್ತಲಿಲ್ಲ, ಬರಿ ಪೆನ್ನಿನ ಮುಚ್ಚಳ ತೆಗೆದರು.

“ಯಾವ ಗೆರೆ ಸಾಕಮ್ಮ?” ಅಂದಳು ಆಶಾರಾಣಿ. “ನನಗೇನೂ ನೆನಪಿಲ್ಲ.”

ಅಂದಿದ್ದೇ ತಡ, ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನೆನಪಿಲ್ಲದೆ ಏನು! ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಸಾಕಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತೋರಿಸಿ, ಬರೆಸಬೇಕು ಅಂದಿದ್ದಳು. ಬಸ್ಸು ಹೊರಟಿತ್ತು. ಫುಟ್‌ಬೋರ್ಡಿನ ಮೇಲೆ ನಿಂತೇ ಇವಳು, ಗೆರೆ ಇಟ್ಟಿರ್ತೀನಿ ಬಾ ಅಂತ ಕೂಗಿದ್ದಳು. ಈಗ ಆ ಮುದುಕಿ ಜಗಳಕ್ಕೇ ಬರಲಿಲ್ಲ. ಎಷ್ಟೋ ಕಚೇರಿಯಲ್ಲಿ ಎಷ್ಟೋ ಸಲ ಕೇಳಿದ ಮಾತು ಇನ್ನೊಂದು ಸಲ ಕೇಳಿದವಳ ಹಾಗೆ, “ಆಗ್ಲಿ ಕನವ್ವ,” ಅಂತ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಬಾಗಿಲ ಕಡೆ ತಿರುಗಿದಳು.

“ನಿಂತ್ಕೊಳ್ಳಿ ಸಾಕಮ್ಮ!”

ಹಾಳಾಗಿ ಹೋಗಲಿ ಅನ್ನಿಸಿತು. ಆಶಾರಾಣಿ ಪುಸ್ತಕವನ್ನು ಪುಟ್ಟಲಕ್ಷ್ಮಿಯವರ ಮುಂದಿನಿಂದ ಎಳೆದುಕೊಂಡಳು. ಒಂಬತ್ತನೇ ಪುಟ, ಹದಿಮೂರನೇ ಪುಟ, ಹದಿನಾರು, ಹೀಗೆ ಒಂದೊಂದಾಗಿ ತೆರೆದು, ಏಳೂ ಖಾಲಿ ಗೆರೆಗೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಹೊಡೆದಳು. ಪ್ರತಿ ಗೀಟಿನ ಪಕ್ಕ ‘ಖಾಲಿ ಬಿಟ್ಟವಳು ನಾನೇ’ ಅಂತ ಬರೆದು ರುಜು, ತಾರೀಖು. ಅವಸರಕ್ಕೆ ಮೂರನೆಯದು ಸೊಟ್ಟಗಾಯಿತು. ಪುಟ್ಟಲಕ್ಷ್ಮಿ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿದರು. ಏನು ಅಂತ ನೋಡುವ ಅಗತ್ಯವೇ ಇರಲಿಲ್ಲ.

“ಕಾರ್ಡ್ ಇದೆಯಾ ಸಾಕಮ್ಮ? ನರ್ಸಮ್ಮ ಕೊಟ್ಟಿದ್ದು?”

ಸೆರಗಿನ ಗಂಟಿನಿಂದ ಕಾರ್ಡು ಬಂತು. ಹೆಣ್ಣು ಮಗು, ಮನೆಯಲ್ಲೇ ಹೆರಿಗೆ, ತಂದೆ ಶಿವು, ತಾಯಿ ರೋಜಾ. ಹುಟ್ಟಿದ್ದು ಹದಿನಾರು, ಏಳು, ತೊಂಬತ್ತೇಳು.

ನಾಳೆಗೆ ಒಂದು ವರ್ಷ! ಇವತ್ತೇ ಕಡೇ ದಿನ. ಅಫಿಡವಿಟ್ಟು ಮಾಡಿಸಿ ತಹಶೀಲ್ದಾರರ ಅನುಮತಿ ಪಡೆದರೆ ಇವತ್ತು ಬರೆಯಬಹುದು. ನಾಳೆಯಿಂದ ಕೋರ್ಟು. ಕೋರ್ಟು ಅಂದರೆ ಈ ಮುದುಕಿ ಹೋಗುವುದೇ ಇಲ್ಲ ಅಂತ ಆಶಾರಾಣಿಗೆ ಗೊತ್ತಿತ್ತು. ತಹಶೀಲ್ದಾರರಿರುವುದು ನಂಜನಗೂಡಿನಲ್ಲಿ, ಬಸ್ಸು ಎರಡೂವರೆಗೆ. ಗೋಡೆಯ ಗಡಿಯಾರ ಎರಡು ಇಪ್ಪತ್ತು ತೋರಿಸುತ್ತಿತ್ತು.

ಅವಳು ಎದ್ದಳು. ಎರಡೂ ಪುಸ್ತಕ ಬ್ಯಾಗಿಗೆ ಹಾಕಿಕೊಂಡಳು.

“ಮೇಜು ಬಿಡ್ತಾ ಇದ್ದೀರಿ,” ಅಂದರು ಪುಟ್ಟಲಕ್ಷ್ಮಿ. ಬೆಳಿಗ್ಗೆಯಿಂದ ಅವರಾಡಿದ ಎರಡನೇ ಮಾತು.

“ಹೌದು ಮೇಡಂ.”

“ಪುಸ್ತಕವೂ ಹೊಸಿಲು ದಾಟುತ್ತೆ.”

“ದಾಟುತ್ತೆ ಮೇಡಂ. ಬರ್ಕೊಳ್ಳಿ.”

ಪುಟ್ಟಲಕ್ಷ್ಮಿ ಬರೆದುಕೊಂಡರು. ಆಮೇಲೆ ಹಾಳೆ ಮಡಚಿ ತಾವೂ ಎದ್ದರು. “ಐದರವರೆಗೆ ನಿಮ್ಮನ್ನ ನೋಡೋದು ನನ್ನ ಕೆಲಸ,” ಅಂದರು, ಅಷ್ಟೇ.

ಬಸ್ಸು ಬಂದಿದ್ದೇ ಮೂರಕ್ಕೆ. ಸಾಲದು ಅಂತ ರೈಲ್ವೆ ಗೇಟು ಬಿದ್ದಿತ್ತು. ಡ್ರೈವರು ಎಂಜಿನ್ ಆರಿಸಿ ಬೀಡಿ ಹಚ್ಚಿದ. ಆಶಾರಾಣಿ ಕಿಟಕಿಯಿಂದ ಕತ್ತು ಚಾಚಿ ಹಳಿ ನೋಡಿದಳು, ಕೈಗಡಿಯಾರ ನೋಡಿದಳು, ಮತ್ತೆ ಹಳಿ ನೋಡಿದಳು. ಚಾಮರಾಜನಗರದ ರೈಲು ಅನ್ನುವುದು ಎಂದಾದರೂ ಹೊತ್ತಿಗೆ ಬಂದಿದ್ದುಂಟೇ? ಹದಿನೆಂಟು ನಿಮಿಷ ಅಲ್ಲೇ ಕಳೆಯಿತು. ಕೂಸು ಅಳತೊಡಗಿತು. ಸಾಕಮ್ಮ ಬೆಲ್ಲದ ಚೂರು ಚೀಪಲು ಕೊಟ್ಟಳು. ಪಕ್ಕದ ಸೀಟಿನಲ್ಲಿ ಪುಟ್ಟಲಕ್ಷ್ಮಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೇರ ನೋಡುತ್ತ ಕೂತಿದ್ದರು.

ತಾಲ್ಲೂಕು ಕಚೇರಿ ಮುಂದೆ ಇಳಿದಾಗ ನಾಲ್ಕೂ ಹತ್ತು. ಮರದಡಿಯ ಟೈಪಿಸ್ಟು ಅಫಿಡವಿಟ್ಟು ಹೊಡೆದುಕೊಟ್ಟ, ನೋಟರಿ ಸೀಲು ಒತ್ತಿದರು, ಸಾಕಮ್ಮ ಹೆಬ್ಬೆಟ್ಟು ಒತ್ತಿದಳು. ನಾಲ್ಕೂ ಐವತ್ತು. ಮೆಟ್ಟಿಲು ಹತ್ತುವಾಗಲೇ ತಹಶೀಲ್ದಾರರು ಎದುರಿಗೆ ಇಳಿದು ಬರುತ್ತಿದ್ದರು, ಕೆಳಗೆ ಜೀಪು ಸ್ಟಾರ್ಟಾಗಿತ್ತು.

“ನಾಳೆ ಬಾರಮ್ಮ, ಮೈಸೂರಲ್ಲಿ ಮೀಟಿಂಗಿದೆ.”

“ನಾಳೆ ಅಂದ್ರೆ ವರ್ಷ ದಾಟುತ್ತೆ ಸಾರ್. ಒಂದು ರುಜು.”

“ಇವತ್ತು ನಿಂದು ಪರೀಕ್ಷೆ ಅಲ್ವಾ? ಇಲ್ಲೇನು ಮಾಡ್ತಾ ಇದ್ದೀಯ?”

“ಹೋಯ್ತು ಸಾರ್ ಅದು. ನೀವು ರುಜು ಮಾಡಿ.”

ಅವರು ಅವಳ ಮುಖ ನೋಡಿದರು, ಹಿಂದೆ ನಿಂತ ಪುಟ್ಟಲಕ್ಷ್ಮಿಯವರನ್ನು ನೋಡಿದರು. ಏನನ್ನಿಸಿತೋ, ಜೀಪಿನ ಬಾನೆಟ್ ಮೇಲೆ ಕಾಗದ ಹಾಸಿ ಗೀಚಿ ಹೊರಟುಬಿಟ್ಟರು.

ಬದುಕಿದೆ ಅಂದುಕೊಂಡಳು ಆಶಾರಾಣಿ. ವರಾಂಡದ ಬೆಂಚಿನ ಮೇಲೆ ಪುಸ್ತಕ ಬಿಚ್ಚಿ, ಇವತ್ತಿನ ತಾರೀಖಿನ ಕೆಳಗೆ, ನಿಜವಾದ ಗೆರೆಯಲ್ಲಿ ಬರೆಯತೊಡಗಿದಳು. ಮಗುವಿನ ಹೆಸರು ಕವನ. ಹುಟ್ಟಿದ ದಿನ, ಊರು, ತಂದೆ, ತಾಯಿ. ಕೆಲಸ ಹೋದರೆ ಹೋಗಲಿ, ಇದೊಂದು ನೆಟ್ಟಗಾಯಿತಲ್ಲ ಅಂತ ಅವಳಿಗೆ ಕಣ್ಣು ತುಂಬಿ ಬಂತು. ಬರೆದು ಮುಗಿಸಿ, ಶಾಯಿ ಆರಲೆಂದು ಊದುತ್ತ, ಹಗುರಾದ ಮನಸ್ಸಿನಲ್ಲಿ ಕೇಳಿದಳು.

“ನಿಮ್ಮ ಮಗಳು ರೋಜಾ ಬನ್ನೂರಲ್ಲೇ ಇದ್ದಾಳಾ? ಅವಳೂ ಬಂದಿದ್ರೆ ಚೆನ್ನಾಗಿತ್ತು.”

“ಅವಳೆಲ್ಲವ್ವಾ ಇದ್ದಾಳು. ಕೂಸು ಉಟ್ಟು ನಾಕು ದಿಸಕ್ಕೆ ಸತ್ತೋದ್ಲಲ್ಲ. ಆಸಾಡದ ಉಣ್ಣಿಮೆ ದಿಸ. ಮೈಯೆಲ್ಲ ಬೆಂಕಿಯಂಗೆ ಜ್ವರ.”

ಊದುತ್ತಿದ್ದ ಆಶಾರಾಣಿ ತಟ್ಟನೆ ತಲೆ ಎತ್ತಿದಳು. “ನನಗೆ ಯಾಕೆ ಹೇಳಲಿಲ್ಲ ಸಾಕಮ್ಮ? ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರಲ್ಲ!”

“ನೀವು ಕೂಸಿಗೆ ಗೆರೆ ಮಡಗ್ತೀನಿ ಅಂದ್ರಿ. ಅವಳ ಇಚಾರ ಏನೂ ಕೇಳ್ನಿಲ್ಲ. ಸತ್ತೋರಿಗೂ ಗೆರೆ ಮಡಗ್ತಾರಾ ಅಂತ ನಂಗೇನವ್ವಾ ಗೊತ್ತು?”

ಅವಳು ಅಷ್ಟು ವರ್ಷ ಗೆರೆ ಬಿಟ್ಟಿದ್ದು ಜನನದ ಪುಸ್ತಕದಲ್ಲಿ ಮಾತ್ರ. ಸತ್ತವರು ತಡವಾಗಿ ಬಂದಾರು ಅಂತ ಅವಳಿಗಾಗಲಿ, ಸಣ್ಣಯ್ಯನವರಿಗಾಗಲಿ ಹೊಳೆದೇ ಇರಲಿಲ್ಲ. ಬೆರಳು ಮಡಚಿದಳು. ಹುಣ್ಣಿಮೆಗೆ ವರ್ಷ ತುಂಬುವುದಕ್ಕೆ ಉಳಿದಿದ್ದು ಗುರುವಾರ, ಶುಕ್ರವಾರ, ಶನಿವಾರ. ಆಮೇಲೆ ಭಾನುವಾರ, ಕಚೇರಿಗೆ ರಜೆ. ತಹಶೀಲ್ದಾರರ ಜೀಪು ಆಗಲೇ ಮೈಸೂರು ದಾರಿ ಹಿಡಿದಿತ್ತು.

ಅವಳು ಪುಟ್ಟಲಕ್ಷ್ಮಿಯವರ ಕಡೆ ತಿರುಗಿದಳು. ಬೇಡುವುದು ಅವಳ ಜಾಯಮಾನವಲ್ಲ, ಆದರೂ ಬೇಡಿದಳು.

“ಮೇಡಂ, ನನ್ನನ್ನ ಫೇಲ್ ಮಾಡಿ. ಪುಸ್ತಕ ಮಾತ್ರ ಶನಿವಾರದವರೆಗೆ ನನ್ನ ಕೈಲಿರಲಿ. ಪಕ್ಕದ ವೃತ್ತದವರು ಮೂರು ದಿನದಲ್ಲಿ ಇದನ್ನ ಬರೆಯಲ್ಲ.”

“ಆಗಲ್ಲ. ನಾಳೆ ಬೆಳಿಗ್ಗೆ ವರದಿ ಕೊಡಲೇಬೇಕು. ಕೊಟ್ಟ ಗಳಿಗೇಲೇ ಪುಸ್ತಕ ನಿಮ್ಮ ಕೈ ಬಿಡುತ್ತೆ.” ಪುಟ್ಟಲಕ್ಷ್ಮಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕೂಸಿನ ಕಡೆ ಒಂದು ಸಲ ನೋಡಿದರು. “ತಹಶೀಲ್ದಾರರು ಹತ್ತಕ್ಕೆ ಬರ್ತಾರೆ. ನಾನು ಹತ್ತೂವರೆಗೆ ಕೊಡ್ತೀನಿ.”

ಅರ್ಧ ಗಂಟೆ. ಆಶಾರಾಣಿ ಮರಣದ ಅರ್ಜಿಯೊಂದನ್ನು ಬ್ಯಾಗಿನಿಂದ ಎಳೆದು, ಬೆಂಚಿನ ಮೇಲೆ ಸಾಕಮ್ಮನಿಗೆ ಒತ್ತಿಕೊಂಡು ಕೂತಳು. ಇವತ್ತೇ ಎಲ್ಲ ತುಂಬಿಸಿಟ್ಟರೆ ನಾಳೆ ಬರಿ ಅಫಿಡವಿಟ್ಟು, ರುಜು. ಹೆಸರು ರೋಜಾ. ಗಂಡನ ಹೆಸರು ಶಿವು. ಊರು. ದಿನ. ಕಾರಣ, ಬಾಣಂತಿ ಜ್ವರ. ಒಂದೊಂದೇ ಕಲಮು ಸರಸರನೆ ತುಂಬಿತು.

“ವಯಸ್ಸೆಷ್ಟಾಗಿತ್ತು ಸಾಕಮ್ಮ? ಅವಳು ಹುಟ್ಟಿದ್ದು ಯಾವ ಇಸವಿ?”

ಸಾಕಮ್ಮನ ಮುಖ ಬಾಡಿತು. “ಅವಳು ಉಟ್ಟಿದ್ದನ್ನ ಯಾರವ್ವಾ ಬರ್ದವ್ರೆ?”

ಪೆನ್ನು ಕಾಗದದ ಮೇಲೇ ನಿಂತಿತು. ಹಾಗಾದರೆ ಆ ಹುಡುಗಿ ಸರ್ಕಾರದ ಪುಸ್ತಕದಲ್ಲಿ ಬರುವುದು ಇದೇ ಮೊದಲು. ನಾಳೆ, ಸತ್ತವಳಾಗಿ.

“ಒಳೆ ಊರೊಳಕ್ಕೆ ನುಗ್ಗಿದ ವರ್ಸ ನಡೀತಿದ್ಲು ಕನವ್ವ,” ಅಂದಳು ಸಾಕಮ್ಮ, ಮೊಮ್ಮಗಳನ್ನು ತೊಡೆಯ ಮೇಲಿಂದ ಆಶಾರಾಣಿಯ ತೊಡೆಗೆ ದಾಟಿಸಿ. “ತಡೀರಿ, ಲೆಕ್ಕ ಆಕ್ತೀನಿ.” ಎರಡು ಕೈಯ ಬೆರಳನ್ನೂ ಮುಂದೆ ಹಿಡಿದು, ಮಗಳ ವರ್ಷಗಳನ್ನು ಒಂದೊಂದಾಗಿ ಮಡಚತೊಡಗಿದಳು. ಹದಿನೇಳಕ್ಕೆ ನಿಲ್ಲಿಸಿದಳು.