ಭಾವನ ಎರಡು ಡಯೋಡ್

ಅಕ್ಕನ ಗಂಡನ ತಲೆಯಲ್ಲಿರುವುದು ಎಣ್ಣೆ ಮಾತ್ರ ಎಂದು ಮದುವೆಯ ದಿನವೇ ನನಗೆ ಅನುಮಾನ ಬಂದಿತ್ತು. ಚಿತ್ರಮಂದಿರದ ಆಂಪ್ಲಿಫೈಯರ್ ಮುಂದೆ ಅದು ಖಾತ್ರಿಯಾಯಿತು.

ಆ ಪೆಟ್ಟಿಗೆಯನ್ನು ಮೂವತ್ತು ವರ್ಷದಿಂದ ಸಾಕಿದವರು ಅಪ್ಪ. ಸ್ವಿಚ್ ಹಾಕಿ, ಎಸಿ ಕರೆಂಟನ್ನು ಡಿಸಿ ಮಾಡುವ ಗಾಜಿನ ರೆಕ್ಟಿಫೈಯರ್ ವಾಲ್ವ್ ಕೆಂಪಗಾಗುವವರೆಗೆ ಕೈಕಟ್ಟಿ ಕಾಯುವುದು ಅವರ ಪದ್ಧತಿ. ಈಚೆಗೆ ವಾಲ್ವ್ ಸೋತು ದನಿ ಗೊರಗೊರ ಅನ್ನುತ್ತಿತ್ತು. ಶುಕ್ರವಾರದ ಆಟಕ್ಕೆ ಸರಿಹೋಗದಿದ್ದರೆ ಹೊಸ ಪೆಟ್ಟಿಗೆ ತರಿಸುತ್ತೇನೆ, ಅದನ್ನು ನೋಡಿಕೊಳ್ಳಲು ಆಳೇ ಬೇಡ ಎಂದು ಮಾಲೀಕರು ಹೇಳಿಬಿಟ್ಟರು. ಅಂದರೆ ಅಪ್ಪನ ಕೆಲಸಕ್ಕೂ ಶುಭಂ.

ಅಪ್ಪ ಜ್ವರ ಬಂದು ಮಲಗಿದ್ದಾಗ ಭಾವನ ಎಂಟ್ರಿ. ಹಿನ್ನೆಲೆ ಸಂಗೀತವೊಂದೇ ಕಡಿಮೆ. ವಾಲ್ವ್ ಅಂದರೆ ಮ್ಯೂಸಿಯಂ ಬಲ್ಬು ಎಂದು ಮೂಗು ಮುರಿದು, ಅದನ್ನು ಕಿತ್ತು, ಆ ಜಾಗಕ್ಕೆ ಬೆಂಕಿಕಡ್ಡಿ ತಲೆಯಷ್ಟಿದ್ದ ಎರಡು ಡಯೋಡ್ ಬೆಸೆದ. ಒಂದು ಕ್ಷಣ ಸ್ವಿಚ್ ಒತ್ತಿ ನೋಡಿದ. ಮೊದಲು ನಾನೂರು ವೋಲ್ಟ್ ತೋರಿಸುತ್ತಿದ್ದ ಮೀಟರಿನ ಮುಳ್ಳು ಐನೂರರ ಹತ್ತಿರ ಹಾರಿತು.

"ನೋಡಿದ್ಯಾ? ಪವರ್ ಜಾಸ್ತಿ ಆಯ್ತು," ಎಂದು ಕಾಲರ್ ಏರಿಸಿದ.

ಅಪ್ಪನ ಪಕ್ಕ ನಿಂತು ನಾನು ಕಲಿತದ್ದಿಷ್ಟು: ವಾಲ್ವ್ ಒಂದಿಷ್ಟು ವೋಲ್ಟ್ ತಾನೇ ನುಂಗಿ, ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಡಯೋಡ್‌ಗೆ ಆ ದಾಕ್ಷಿಣ್ಯವಿಲ್ಲ. ಜೊತೆಗೊಂದು ರೆಸಿಸ್ಟರ್ ಹಾಕಿ ಇಳಿಸಬೇಕು. ಪಕ್ಕದ ಕೆಪಾಸಿಟರ್ ತಡೆಯುವುದು ನಾನೂರೈವತ್ತು ವೋಲ್ಟ್ ಮಾತ್ರ ಎಂದು ಅದರ ಮೈಮೇಲೇ ದಪ್ಪಕ್ಷರದಲ್ಲಿತ್ತು. ಭಾವ ಓದಲಿಲ್ಲ. ನಾನು ಓದಿದೆ, ಹೇಳಲಿಲ್ಲ. ಮಾಲೀಕರ ಮುಂದೆ ಈ ಮಹಾನುಭಾವನ ಮುಖಕ್ಕೆ ಮಸಿ ಬೀಳುವ ದೃಶ್ಯಕ್ಕೆ ಮನಸ್ಸಿನಲ್ಲೇ ಮುಂದಿನ ಸಾಲಿನ ಟಿಕೆಟ್ ತೆಗೆದಾಗಿತ್ತು. ಕೆಪಾಸಿಟರ್ ಹೋದರೆ ಹೋಗಲಿ, ಹತ್ತು ನಿಮಿಷದಲ್ಲಿ ಬದಲಾಯಿಸಿ ನಾನೇ ಹೀರೋ ಆಗುವುದು.

"ಮಾಲೀಕರು ಬರ್ಲಿ ಭಾವ, ನಿಮ್ಮ ಕೈಯಿಂದ್ಲೇ ಆನ್ ಮಾಡಿ," ಎಂದೆ.

ಶುಕ್ರವಾರ, ಜ್ವರ ಬಿಟ್ಟು ಎದ್ದು ಬಂದಿದ್ದ ಅಪ್ಪನೂ ಸೇರಿ ಎಲ್ಲರ ಮುಂದೆ ಸ್ವಿಚ್ ಒತ್ತಿದ. ಹತ್ತು ಎಣಿಸುವುದರೊಳಗೆ ಕೆಪಾಸಿಟರ್ ಢಬ್ ಎಂದಿತು. ಇಸ್ತ್ರಿ ಮಾಡಿದ ಅಂಗಿಯ ತುಂಬ ಬೂದುಬಣ್ಣದ ಲೋಳೆ. ನಾನು ಹೊಟ್ಟೆ ಹಿಡಿದು ನಕ್ಕೆ. ಆದರೆ ಹೊಗೆ ನಿಲ್ಲಲಿಲ್ಲ. ಫ್ಯೂಸ್ ಪದೇಪದೇ ಹೋಗುವ ರಗಳೆ ಬೇಡವೆಂದು ಈ ಜಾಣ ಅಲ್ಲಿಗೂ ದಪ್ಪ ತಂತಿ ಸುತ್ತಿದ್ದ. ಯಾರೋ ಪ್ಲಗ್ ಕೀಳುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಕರಕಲು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ.

ಮಾಲೀಕರು ಅಲ್ಲೇ ನಿಂತು ಹೊಸ ಪೆಟ್ಟಿಗೆಗೆ ಫೋನ್ ಮಾಡಿದರು. ಹಳೇ ಸರಕಿನ ಹಣೆಬರಹವೇ ಇಷ್ಟು ಎಂದು ಭಾವ ಅಂಗಿ ಒರೆಸಿಕೊಂಡ. ಅಪ್ಪ ಅವನತ್ತ ನೋಡಲೂ ಇಲ್ಲ. ಸೀಳಿಹೋದ ಕೆಪಾಸಿಟರ್ ಎತ್ತಿ, ಮೇಲಿನ ಅಂಕಿ ಓದಿ, ನನ್ನ ಕಡೆ ತಿರುಗಿದರು.

"ಅವನಿಗೆ ಗೊತ್ತಾಗಲ್ಲ, ಬಿಡು. ನೀನು ನೋಡಿರ್ಲಿಲ್ವಾ?"

"ನೋಡಿದ್ದೆ, ಅಪ್ಪ."

ಅವರು ತಮ್ಮ ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳತೊಡಗಿದರು.