ಲಾಲಮ್ಮನ ಜ್ವರ ಮುಚ್ಚಿಟ್ಟ ದಿನ

ಶಹಾಪುರದ ಹತ್ತಿರ, ಕಾಲುವೆ ದಂಡೆಯ ಊರಲ್ಲಿ ಕುರಿ ಸಾಕುವ ಅಮರಪ್ಪನ ಮನೆಗೆ ಅಂದು ಬೀಗರು ಬರುವವರಿದ್ದರು. ಮಗಳು ರೇಣಮ್ಮನನ್ನು ನೋಡಲು. ಬೆಳಗಿನಿಂದ ಅವನ ತಾಯಿ ಲಾಲಮ್ಮನಿಗೆ ಚಳಿಜ್ವರ.

ಲಾಲಮ್ಮನಿಗೆ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಇತ್ತು. "ಸದ್ಯಕ್ಕೆ ಔಷಧ ಬೇಡ, ಆದರೆ ಜ್ವರ ಬಂದರೆ ತಡಮಾಡಬೇಡಿ" ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಅಮರಪ್ಪ ಮೊದಲಿನ ಮಾತಷ್ಟೇ ನೆನಪಿಟ್ಟ. ಕ್ಯಾನ್ಸರ್ ಇರುವ ಮನೆ ಎಂದರೆ ಮಗಳನ್ನು ಯಾರು ಒಯ್ದಾರು ಎಂದು ನಾಚಿ, ಊರಲ್ಲಿ ಯಾರಿಗೂ ಬಾಯಿಬಿಟ್ಟಿರಲಿಲ್ಲ.

"ಯವ್ವಾ, ಬೀಗರು ಹೋಗೋತನಕ ಹಿಂದಿನ ಖೋಲ್ಯಾಗ ಮಕ್ಕೊ. ಕೆಮ್ಮಬ್ಯಾಡ" ಎಂದು ಗುಳಿಗೆ ಕೊಟ್ಟು, ಬಾಗಿಲೆಳೆದು ಚಿಲಕ ಹಾಕಿದ.

ಬೀಗರು ಬಂದರು. ಹುಡುಗನ ತಾಯಿ ಹಂಪಮ್ಮ ಕೊಡೇಕಲ್ಲಿನ ಆಸ್ಪತ್ರೆಯಲ್ಲಿ ನರ್ಸು. "ಅಜ್ಜಿ ಎಲ್ಲಿ?" ಎಂದು ಕೇಳಿದರು.

"ನೆಂಟರ ಊರಿಗೆ ಹೋಗ್ಯಾಳ್ರಿ."

ಚಹಾ ಕುಡಿದು, ಕೈ ತೊಳೆಯಲು ಹಿತ್ತಲಿಗೆ ಹೋದ ಹಂಪಮ್ಮ ನರಳುವ ದನಿ ಕೇಳಿ ಚಿಲಕ ತೆಗೆದರು. ಲಾಲಮ್ಮ ನೆಲದ ಮೇಲೆ ಮುದುಡಿದ್ದಳು. ಕೆಮ್ಮು ಕೇಳಿಸಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಹಿಂದೆಯೇ ಬಂದ ಅಮರಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ತಲೆ ತಗ್ಗಿಸಿ ಎಲ್ಲ ಹೇಳಿದ.

"ರಕ್ತದಾಗ ಬಿಳಿ ಕಣ ಭಾಳ ಹೆಚ್ಚ ಅದಾವಂತ ಡಾಕ್ಟ್ರು ಅಂದಿದ್ರು, ಅಕ್ಕಾರ. ರೋಗದ ಕೂಡ ಬಡದಾಡೋ ಕಣ ಅವ. ಹೆಚ್ಚಿದ್ರ ಜ್ವರ ಏನ್ ಮಾಡ್ತದ ಅನಕೊಂಡೆ."

"ಹಟ್ಟ್ಯಾಗ ನೂರು ನಾಯಿ ಇದ್ದು, ತ್ವಾಳ ಬಂದಾಗ ಒಂದೂ ಬೊಗಳದಿದ್ರ ಏನ್ ಬಂತು, ಅಣ್ಣಾ? ಈ ರೋಗದಾಗ ಬಿಳಿ ಕಣ ಹೆಚ್ತಾವ, ಕಾಯೋ ಕೆಲಸ ಮಾಡಂಗಿಲ್ಲ. ಉಳಿದ ಚಲೋ ಕಣಾನೂ ಸೊರಗ್ತಾವ. ನಮಗ ಬರೇ ನೆಗಡಿ, ಇವರಿಗೆ ಅದು ಜೀವಕ್ಕ ಕುತ್ತು. ಮೊದ್ಲ ಗಾಡಿ ತರಸ್ರಿ!"

"ಹತ್ತೋ ರೋಗೇನು?" ಎಂದು ಹಂಪಮ್ಮನ ಗಂಡ ಗುರಣ್ಣ ಅಳುಕುತ್ತ ಕೇಳಿದರು.

"ಆಕೀ ರೋಗ ನಮಗ ಹತ್ತಂಗಿಲ್ಲ. ನಮ್ಮ ಕೆಮ್ಮು ಆಕೀಗೆ ಹತ್ತತದ. ಅಜ್ಜಿ ಮನಿಗೆ ಬರ್ಲಿ, ಲಗ್ನದ ಮಾತು ಆಕಿ ಎದುರಿಗೇ ಆಡೋಣು."

ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಸೋಂಕು ಎದೆಗೆ ಇಳಿದಿತ್ತು. ಲಾಲಮ್ಮ ಕಷ್ಟಪಟ್ಟು ಉಳಿದಳು. ಗಂಜಿ ತಂದ ಮಗನಿಗೆ ಅವಳ ಮುಖ ನೋಡಲಾಗಲಿಲ್ಲ.

"ಜ್ವರ ತಡಕೊಂಡೆ ಮಗಾ," ಅಂದಳು ಲಾಲಮ್ಮ. "ನೀ ಚಿಲಕ ಹಾಕಿದ ಸಪ್ಪಳ ತಡಕೊಳ್ಳಾಕ ಆಗ್ಲಿಲ್ಲ."

ಅಮರಪ್ಪ ಬಟ್ಟಲು ಕೆಳಗಿಟ್ಟು ಅತ್ತ.

ಡಾಕ್ಟರು ಹೇಳಿದ ಲಸಿಕೆಗಳನ್ನು ಆಮೇಲೆ ತಾಯಿಗೆ ಹಾಕಿಸಿದ. ಅವಳು ಮನೆಗೆ ಬಂದ ಮೇಲೆ ನೆರೆಮನೆಯ ಅಂಬಣ್ಣ ಕೆಮ್ಮುತ್ತ ಮಾತಾಡಿಸಲು ಬಂದ. ಅಮರಪ್ಪನ ಮುಖ ನಾಚಿಕೆಯಿಂದ ಕೆಂಪಾಯಿತು. ಆದರೂ ಓಣಿಗೆಲ್ಲ ಕೇಳುವಂತೆ ಹೇಳಿದ: "ಸಿಟ್ಟಾಗಬ್ಯಾಡೋ ಅಂಬಣ್ಣ. ನಮ್ಮವ್ವಗ ರಕ್ತದ ಕ್ಯಾನ್ಸರ್ ಅದ. ನಿನ್ನ ಕೆಮ್ಮು ಹ್ವಾದ ಮ್ಯಾಲ ಬಾ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ರೋಗಿ ಇರಬಹುದು. ಇದು ಪಾಪದ ಫಲವಲ್ಲ, ಅಂಟುರೋಗವೂ ಅಲ್ಲ. ಜ್ವರ ಬಂದರೆ ಮನೆಯ ಗುಳಿಗೆ ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಕ್ಯಾನ್ಸರ್ ಇದೆ ಎಂದು ಮೊದಲೇ ಹೇಳಿರಿ. ಯಾವ ಲಸಿಕೆ ಬೇಕು, ಯಾವುದು ಬೇಡ ಎಂದು ಡಾಕ್ಟರನ್ನೇ ಕೇಳಿರಿ. ನಾಚಿಕೆಗೆ ಹೆದರಿ ಹೆತ್ತವರನ್ನು ಕಳೆದುಕೊಳ್ಳಬೇಡಿ.