ಕಲ್ಚರ್ ರೂಮು

"ಯಾರ ಕೈ ಮೈಲಿಗೆ? ಏಯ್, ಯಾರ ಕೈ ಅಂತ ಕೇಳ್ತಾ ಇದೀನಿ!"

ಹಬ್ಬದ ದಿನ ಲ್ಯಾಬಿನ ಪೂಜೆಗೆ ಬಂದಿದ್ದ ಶಾಸ್ತ್ರಿಗಳು ಕೂಗಿದ ರಭಸಕ್ಕೆ ಅವರ ಕೈಲಿದ್ದ ಪಂಚಪಾತ್ರೆಯ ನೀರು ತುಳುಕಿ ನೆಲಕ್ಕೆ ಬಿತ್ತು. ಎದುರಿಗೆ ಮಾನಸ ಕೈಗೆ ಗ್ಲೌಸು, ಬಾಯಿಗೆ ಮಾಸ್ಕು, ತಲೆಗೆ ಟೋಪಿ ಹಾಕಿ ಕಣ್ಣಷ್ಟೇ ಬಿಟ್ಟುಕೊಂಡು ನಿಂತಿದ್ದಳು. ಅವಳು ಅಂದದ್ದು ಇಷ್ಟೇ: "ಒಳಗೆ ಕೈ ಹಾಕ್ಬೇಡಿ ಸ್ವಾಮಿ, ಕಂಟಾಮಿನೇಟ್ ಆಗುತ್ತೆ. ಐದು ನಿಮಿಷ ಕೊಡಿ, ಮುಚ್ಚಳ ಹಾಕ್ಬಿಡ್ತೀನಿ." ಶಾಸ್ತ್ರಿಗಳಿಗೆ ಆ ಇಂಗ್ಲಿಷ್ ಮಾತು ತಿಳಿಯಲಿಲ್ಲ. ಹೂವಿನ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಕಶ್ಯಪ್, ಪ್ರೊಫೆಸರರ ಹೆಂಡತಿಯ ಅಣ್ಣನ ಮಗ, ಲ್ಯಾಬಿಗೆ ಕಾಲಿಟ್ಟು ಎಂಟು ತಿಂಗಳಾದ ವಿಜ್ಞಾನಿ, ಬಲು ಉಪಕಾರಬುದ್ಧಿಯಿಂದ ಅದನ್ನು ಕನ್ನಡಕ್ಕೆ ತಂದ: "ನೀವು ಕೈ ಹಾಕಿದ್ರೆ ಮೈಲಿಗೆ ಆಗುತ್ತಂತೆ ಶಾಸ್ತ್ರಿಗಳೇ."

ಅನುವಾದ ತಪ್ಪೆಂದು ಯಾರೂ ಹೇಳುವಂತಿರಲಿಲ್ಲ.

"ನಿಂಗೆ ಕಲ್ಚರ್ ಅನ್ನೋದೇ ಇಲ್ವಲ್ಲೇ!" ಎಂದು ಪ್ರೊಫೆಸರ್ ಗೋಪೀನಾಥರು ರೇಷ್ಮೆ ಶಲ್ಯ ಸರಿಮಾಡಿಕೊಂಡು ಮುಂದೆ ಬಂದರು. "ಕಲ್ಚರ್ ಇಲ್ದೋರ್ನ ಕಲ್ಚರ್ ರೂಮಿಗೆ ಬಿಟ್ಕೊಂಡಿದ್ದು ನನ್ ತಪ್ಪು. ಮೂರು ಹೊತ್ತು ಸ್ನಾನ ಮಾಡೋರು ಅವ್ರು. ಅವ್ರ ಕೈಗೆ ಇಂಥ ಮಾತಾ? ನಿಮ್ ಕಾಲೋನೀಲಿ ಇನ್ನೇನ್ ಕಲ್ಸಿರ್ತಾರೆ ಬಿಡು. ಆಚೆ ನಡಿ, ರಾಹುಕಾಲ ಬರುತ್ತೆ."

ಮಾನಸ ಆಚೆ ನಡೆದಳು. ಅವಳು ದಿನಾ ಎರಡು ಸಲ ಸ್ಪಿರಿಟ್ ಹಾಕಿ ಒರೆಸುತ್ತಿದ್ದ ಗಾಜಿನ ಗೂಡಿನೊಳಗೆ, ಮುಚ್ಚಳ ತೆಗೆದಿಟ್ಟಿದ್ದ ಎಂಟು ಚಪ್ಪಟೆ ಬಾಟಲಿಗಳ ನಡುವೆ, ಶಾಸ್ತ್ರಿಗಳು ಒಂದು ಕಳಿತ ಬಾಳೆಹಣ್ಣಿಟ್ಟು ಅದಕ್ಕೆ ಮೂರು ಊದುಬತ್ತಿ ಚುಚ್ಚಿದರು. ಮಾವಿನೆಲೆಯಿಂದ ತೀರ್ಥ ಚಿಮುಕಿಸಿದರು. ಬಾಟಲಿಗೊಂದರಂತೆ ಕುಂಕುಮ ಇಟ್ಟರು. ಅಷ್ಟು ಸ್ಪಿರಿಟ್ಟಿನ ನಡುವೆ ಬೆಂಕಿ ಹೊತ್ತಿಕೊಳ್ಳದೆ ಇದ್ದದ್ದೇ ಅವತ್ತಿನ ಪವಾಡ.

ಹೊಸ್ತಿಲಾಚೆ ನರಸಮ್ಮ ಪೊರಕೆ ಹಿಡಿದು ನಿಂತಿದ್ದಳು. ಹನ್ನೊಂದು ವರ್ಷದಿಂದ ಗಾಜಿನ ಸಾಮಾನು ತೊಳೆಯುವ ಅವಳಿಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ. ಹಾಗೆಂದು ಗೋಪೀನಾಥರೇ ಬಾಗಿಲಿಗೆ ಬೋರ್ಡು ಬರೆಸಿ ಹಾಕಿದ್ದರು.

"ನನ್ ಕಾಲ್ ಧೂಳ್ಗೇ ಸಾಯೋ ಹುಳಗೋಳು, ಆ ಬಾಳೆಹಣ್ಗೆ ಬದುಕ್ತಾವಾ ಮಾನಸಮ್ಮ?" ಎಂದು ಅವಳು ಮೆಲ್ಲಗೆ ಕೇಳಿದಳು.

ಅವು ಹುಳ ಅಲ್ಲ, ಲಿವರ್ ಕ್ಯಾನ್ಸರಿನ ಜೀವಕೋಶಗಳು. ಅವನ್ನು ಹೀಗೆ ಬಾಟಲಿಯಲ್ಲಿ ಬೆಳೆಸುವುದಕ್ಕೇ ಲ್ಯಾಬಿನಲ್ಲಿ ಕಲ್ಚರ್ ಅನ್ನುವುದು. ಮೈ ಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು ದಿನ ಬಿಟ್ಟು ದಿನ ಉಣ್ಣಿಸಬೇಕು. ಭಾನುವಾರವೂ ಹೌದು, ಹಬ್ಬವೂ ಹೌದು. ತಂಗಿಯ ಮದುವೆಯಲ್ಲಿ ಮಾನಸ ಧಾರೆ ಮುಗಿದ ಕೂಡಲೇ ಕೆಂಗೇರಿಯಿಂದ ಬಸ್ಸು ಹತ್ತಿ, ರೇಷ್ಮೆ ಸೀರೆಯ ಮೇಲೆ ಏಪ್ರನ್ ಕಟ್ಟಿಕೊಂಡು ಇವುಗಳಿಗೆ ಊಟ ಹಾಕಿ ಹೋಗಿದ್ದಳು. ಗೋಪೀನಾಥರ ಅತ್ತೆಯ ಶುಗರ್ ನೋಡುವುದು, ಬಸವೇಶ್ವರನಗರದ ಅವರ ಮನೆಗೆ ಗ್ಯಾಸ್ ಬುಕ್ ಮಾಡುವುದು, ಮಗಳ ಸೈನ್ಸ್ ಪ್ರಾಜೆಕ್ಟಿಗೆ ಥರ್ಮೋಕೋಲಿನ ಹೃದಯ ಕೊರೆದು ಕೊಡುವುದು, ಇವೆಲ್ಲ ಸಂಶೋಧನೆಯ ಲೆಕ್ಕಕ್ಕೆ ಬಾರದ ಸಂಶೋಧನೆಗಳು. ಹೀಗೆ ಆರು ವರ್ಷ ಕಳೆದಿತ್ತು. ಥೀಸಿಸ್ ಬರೆದು ಮುಗಿಸಿದ್ದಳು. ಅದರ ಮೇಲೆ ಗೈಡ್ ಗೋಪೀನಾಥರ ಸಹಿ ಒಂದು ಬೀಳಬೇಕಿತ್ತು. ಈ ತಿಂಗಳ ಮೂವತ್ತೊಂದರೊಳಗೆ ಬೀಳದಿದ್ದರೆ ಅವಳ ರಿಜಿಸ್ಟ್ರೇಷನ್ನೇ ರದ್ದು.

ಅವಳಿಗಿಂತ ಮುಂಚೆ ಜ್ಞಾನಭಾರತಿಯ ಆಚೆಗಿನ ಈ ಅಮೃತವರ್ಷಿಣಿ ಬಯೋಮೆಡಿಕಲ್ ಸಂಶೋಧನಾ ಕೇಂದ್ರದಲ್ಲಿ, ಇದೇ ಗೈಡಿನ ಕೈಕೆಳಗೆ ಮೂವರು ಮಹಾನ್ ವಿಜ್ಞಾನಿಗಳು ತಯಾರಾಗಿದ್ದರು. ಒಬ್ಬ ಈಗ ಔಷಧಿ ಕಂಪನಿಯ ಬ್ಯಾಗು ಹೊತ್ತು ಡಾಕ್ಟರುಗಳ ಬಾಗಿಲು ಕಾಯುತ್ತಾನೆ. ಇನ್ನೊಬ್ಬಳು ವಿಜಯನಗರದಲ್ಲಿ ಎಂಟನೇ ಕ್ಲಾಸಿನವರಿಗೆ ಟ್ಯೂಷನ್ ಹೇಳುತ್ತಾಳೆ. ಪದವಿ ಪಡೆದವನು ಬಸವಕಿರಣ್ ಒಬ್ಬನೇ. ಅವನು ನಾಲ್ಕು ವರ್ಷದಿಂದ ಗೆಸ್ಟ್ ಲೆಕ್ಚರರ್. ಅತಿಥಿ ಎಂದ ಮೇಲೆ ಪ್ರತಿ ಮಾರ್ಚಿಗೆ ಎದ್ದು ಹೊರಡಲೇಬೇಕಲ್ಲ.

ಹಬ್ಬ ಕಳೆದ ಮೂರನೇ ದಿನ ಎಂಟೂ ಬಾಟಲಿ ಮಜ್ಜಿಗೆಯಂತೆ ಮಬ್ಬಾದವು. ಮಾನಸ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಅವಳ ಜೀವಕೋಶಗಳು ಮುದುಡಿ ಸತ್ತು ಬಿದ್ದಿದ್ದವು. ಅವುಗಳ ಮೇಲೆ ಯೀಸ್ಟು ಗೊಂಚಲು ಗೊಂಚಲಾಗಿ ಸಂಸಾರ ಹೂಡಿತ್ತು. ಅವಳಿಗೆ ಅಳು ಬಂತು, ಅತ್ತಳು ಕೂಡ. ಆಮೇಲೆ ಮೂಗೊರೆಸಿಕೊಂಡು ಗೋಪೀನಾಥರ ಕೋಣೆಗೆ ಹೋದಳು.

"ಸಾರ್, ಸೆಲ್ಸ್ ಎಲ್ಲಾ ಸತ್ತೋಗಿವೆ."

"ಭಲೇ!" ಗೋಪೀನಾಥರು ಕುರ್ಚಿಯಿಂದಲೇ ಎದ್ದುಬಿಟ್ಟರು. "ನಮ್ ತುಳಸಿ ರಸಕ್ಕೆ ಕ್ಯಾನ್ಸರ್ ಸಾಯ್ತು ಅನ್ನು! ಕೆಂಪಯ್ಯನೋರಿಗೆ ಈಗ್ಲೇ ಫೋನ್ ಮಾಡ್ತೀನಿ." ತುಳಸಿ ಟಾನಿಕ್ಕಿನ ಕಂಪನಿಯ ಯಜಮಾನರು ಕೆಂಪಯ್ಯ. ಲ್ಯಾಬು ನಡೆಯುತ್ತಿದ್ದುದೇ ಅವರ ದುಡ್ಡಿನಲ್ಲಿ. ಎಂಟರಲ್ಲಿ ನಾಲ್ಕು ಬಾಟಲಿಗೆ ಅವರ ತುಳಸಿ ರಸ ಹಾಕಿ, ಹೋಲಿಸಿ ನೋಡಲು ಉಳಿದ ನಾಲ್ಕನ್ನು ಮಾನಸ ಹಾಗೇ ಬಿಟ್ಟಿದ್ದಳು.

"ಸಾರ್, ರಸ ಹಾಕದೇ ಇರೋ ನಾಕು ಬಾಟ್ಲೀಲೂ ಸತ್ತಿವೆ. ಯೀಸ್ಟ್ ಬಿದ್ದಿದೆ ಸಾರ್. ಆ ಬಾಳೆಹಣ್ಣಿಂದು."

"ಆ ನಾಕರ ವಿಷ್ಯ ಯಾರ್ ಕೇಳಿದ್ರು ನಿನ್ನ? ಅದ್ರ ಜಾಗಕ್ಕೆ ಹೋದ್ ವರ್ಷದ ಫೋಟೋ ಹಾಕು. ಚೆನ್ನಾಗಿ ಬೆಳ್ದಿತ್ತಲ್ಲ, ಅದು."

"ಅದು ಬೇರೆ ಪ್ರಯೋಗದ್ದು ಸಾರ್."

"ಸೆಲ್ಲಿನ ಮುಖದ್ ಮೇಲೆ ಹೆಸ್ರು ಬರ್ದಿರುತ್ತೇನೇ?"

ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಈ ಪ್ರಯೋಗವನ್ನು ಖುದ್ದಾಗಿ ನಾನೇ ಮಾಡಿರುತ್ತೇನೆ, ಫಲಿತಾಂಶ ಸತ್ಯವಾಗಿರುತ್ತದೆ ಎಂಬ ಒಕ್ಕಣೆ. ಈ ಪ್ರಯೋಗದ ಮೇಲೆ ಅಚ್ಚಾಗಲಿರುವ ಸಂಶೋಧನಾ ಪೇಪರಿನಲ್ಲಿ ಮೊದಲ ಹೆಸರು ಕಶ್ಯಪನದು, ಅವನು ಜರ್ಮನಿಗೆ ಅರ್ಜಿ ಹಾಕುತ್ತಿದ್ದ. ಮಾನಸಳಿಗೆ ಕೊನೆಯಲ್ಲಿ, ಸಣ್ಣಕ್ಷರದಲ್ಲಿ, ಜನರೇಟರ್ ಕೊಟ್ಟವರ ಪಕ್ಕದಲ್ಲಿ ಒಂದು ಧನ್ಯವಾದ. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಕುತ್ತಿಗೆ ಮಾತ್ರ ಅವಳದು.

"ಇದಕ್ಕೆ ನೀನ್ ಹಾಕು, ನಿನ್ ಥೀಸಿಸ್ಸಿಗೆ ನಾನ್ ಹಾಕ್ತೀನಿ. ಇವತ್ತು ಎಷ್ಟನೇ ತಾರೀಕು ನೆನಪಿದೆ ತಾನೆ? ಆ ಬಾಟ್ಲಿಗಳನ್ನ ಎಸೀಬೇಡ, ಶುಕ್ರವಾರ ಪ್ರೋಗ್ರಾಂನಲ್ಲಿ ತೋರ್ಸೋಕ್ಕೆ ಬೇಕು."

ಮಾನಸ ಹಾಳೆ ಹಿಡಿದು ತೊಳೆಯುವ ಕೋಣೆಗೆ ಬಂದು ನರಸಮ್ಮನ ಪಕ್ಕ ಸ್ಟೂಲಿನ ಮೇಲೆ ಕುಕ್ಕರಿಸಿದಳು. ವಿಷಯ ಕೇಳಿದ ನರಸಮ್ಮ ಬ್ರಷ್ಷು ಆಡಿಸುತ್ತಲೇ ಅಂದಳು: "ಹಾಕ್ ಬಿಸಾಕು ಕೂಸೆ. ಬೋಳಿಮಗ ಆರು ವರ್ಷ ನಿನ್ ರಕ್ತ ಕುಡ್ದವ್ನೆ. ಡಾಕ್ಟ್ರಮ್ಮ ಅನ್ನುಸ್ಕೊಂಡು ಈ ದರಿದ್ರದ್ ಜಾಗ ಬುಟ್ಟು ಹೋಯ್ತಾ ಇರು."

"ನಾಳೆ ಕ್ಯಾನ್ಸರ್ ಬಂದೋರು ಆಸ್ಪತ್ರೆ ಬಿಟ್ಟು ಇದನ್ನ ಕುಡಿದ್ರೆ ಅಕ್ಕಾ?"

ನರಸಮ್ಮನ ಕೈ ನಿಂತಿತು. "ನಮ್ಮೆಜಮಾನ್ರಿಗೂ ಇಂಥದೇ ಯಾವ್ದೋ ರಸ ಕುಡುಸುದ್ವಿ. ಆಸ್ಪತ್ರೆ ಬ್ಯಾಡ, ಇದ್ರಲ್ಲೇ ವಾಸಿ ಆಯ್ತದೆ ಅಂದಿದ್ರು" ಎಂದಳು. ಆಮೇಲೆ ನಲ್ಲಿ ಜೋರಾಗಿ ತಿರುಗಿಸಿದಳು.

ಶುಕ್ರವಾರ ಕೇಂದ್ರದ ಸಭಾಂಗಣದಲ್ಲಿ ಡಿಗ್ರಿ ಕಾಲೇಜುಗಳ ಇನ್ನೂರು ಮಕ್ಕಳು. 'ಜೀವವೈದ್ಯ ಸಂಶೋಧನೆ: ಭವ್ಯ ಭವಿಷ್ಯದ ಹಾದಿ' ಎಂಬ ಬ್ಯಾನರಿನ ಕೆಳಗೆ ಮುಖ್ಯ ಅತಿಥಿ ಕೆಂಪಯ್ಯ. ಕೆಂಗೇರಿ ಕಡೆಯ ರಾಗಿ ಹೊಲ ಲೇಔಟಾದ ಮೇಲೆ ಅವರು ಟಾನಿಕ್ಕಿಗೆ ಇಳಿದಿದ್ದರು. ಗೋಪೀನಾಥರು ಪರದೆಯ ಮೇಲೆ ಒಂದು ಏಣಿ ತೋರಿಸಿದರು. ಕೆಳಗಿನ ಮೆಟ್ಟಿಲಿನಲ್ಲಿ ಪಿಎಚ್‌ಡಿ, ತುದಿಯಲ್ಲಿ ಡೈರೆಕ್ಟರು. ನಡುವೆ ಎಲ್ಲಿಯೂ ಗ್ಯಾಸ್ ಬುಕಿಂಗ್ ಕಾಣಲಿಲ್ಲ. ಏಣಿಯ ಪಕ್ಕದಲ್ಲಿ ಮಾನಸಳನ್ನು ಬಹುಮಾನ ವಿತರಣೆಯ ಹುಡುಗಿಯಂತೆ ತಟ್ಟೆ ಹಿಡಿಸಿ ನಿಲ್ಲಿಸಿದ್ದರು. ತಟ್ಟೆಯಲ್ಲಿ ಅವಳೇ ಆರಿಸಿಟ್ಟ ಎರಡು ಬಾಟಲಿ, ಕೆಳಗೆ ಸಹಿಯಿಲ್ಲದ ಹಾಳೆ.

"ಈ ಬಾಟಲಿಯಲ್ಲಿ ನಮ್ಮ ತುಳಸಿ ರಸ ಕ್ಯಾನ್ಸರನ್ನು ಸಂಪೂರ್ಣ ನಾಶ ಮಾಡಿದೆ!" ಎಂದರು ಗೋಪೀನಾಥರು. ಕಶ್ಯಪ್ ಮೊದಲು ಚಪ್ಪಾಳೆ ಹೊಡೆದ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ರಸ ಹಾಕದೇ ಇರೋದು ಯಾವ್ದು? ಎರಡೂ ಒಂದೇ ಥರ ಕಾಣ್ತಿವೆ."

"ಅದೆಲ್ಲ ಎಂಎಸ್ಸೀಲಿ ಬರುತ್ತೆ ಕೂತ್ಕೊಳಮ್ಮಾ."

"ಈ ಕಡೇದು" ಎಂದಳು ಮಾನಸ. ತಟ್ಟೆ ಮೇಜಿನ ಮೇಲಿಟ್ಟು ಎರಡೂ ಬಾಟಲಿಯ ಮುಚ್ಚಳ ತಿರುವಿದಳು. ಬುಸ್ಸೆಂದು ಗಾಳಿ ಹೊರಬಂತು. ಒಂದು ಬಾಟಲಿಯನ್ನು ಕೆಂಪಯ್ಯನವರ ಮೂಗಿನ ಹತ್ತಿರ ಹಿಡಿದಳು. "ಮೂಸಿ ನೋಡಿ ಸಾರ್."

ಕೆಂಪಯ್ಯ ಮೂಸಿದರು. ಮತ್ತೊಮ್ಮೆ ಮೂಸಿದರು. ಅವರ ಮುಖ ಅರಳಿತು. "ಏಯ್, ಇದು ಹುಳಿ ಹೆಂಡ ಕಣಯ್ಯಾ! ನಮ್ ತೋಟದ್ ಬದಿನಾಗೇ ಈಚಲು ಮರ ಇದ್ವು, ನಂಗ್ ಗೊತ್ತಿಲ್ವಾ ಈ ವಾಸ್ನೆ?" ಇನ್ನೊಂದನ್ನೂ ಮೂಸಿದರು. "ಇದೂ ಹೆಂಡವೇ!"

"ಅದಕ್ಕೆ ರಸಾನೇ ಹಾಕಿಲ್ಲ ಸಾರ್."

ಇನ್ನೂರು ಮಕ್ಕಳು ಹೋ ಎಂದು ನಕ್ಕರು. ಗೋಪೀನಾಥರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಮೂವತ್ತು ವರ್ಷದ ಸರ್ವೀಸು ಸುಮ್ಮನೆ ಆಗಿರಲಿಲ್ಲ. ಎರಡೇ ಕ್ಷಣ, ಗಂಟಲು ಸರಿಮಾಡಿಕೊಂಡು ಮೈಕ್ ಹಿಡಿದರು. "ಯಜಮಾನರು ಸರಿಯಾಗಿಯೇ ಗುರುತಿಸಿದರು! ನಮ್ಮ ಪೂರ್ವಿಕರು ಆಸವ, ಅರಿಷ್ಟಗಳನ್ನು ಹುದುಗಿಸಿಯೇ ಮಾಡುತ್ತಿದ್ದರು. ಇದು ಆಧುನಿಕ ತುಳಸ್ಯರಿಷ್ಟ!"

"ಅರಿಷ್ಟವಾ? ಹಂಗನ್ನು ಮತ್ತೆ!" ಕೆಂಪಯ್ಯ ತೊಡೆ ತಟ್ಟಿದರು. "ಅರಿಷ್ಟಕ್ಕೆ ಮಾರ್ಕೆಟ್ಟೂ ಐತೆ."

ಮತ್ತೆ ಚಪ್ಪಾಳೆ ಬಿತ್ತು. ಗೋಪೀನಾಥರು ಮೈಕಿಗೆ ಕೈ ಅಡ್ಡ ಹಿಡಿದು ಮಾನಸಳ ಕಡೆ ಬಾಗಿದರು. "ಇಳಿ ಕೆಳಗೆ, ಮುಂಡೇದೇ. ನಿನ್ ಥೀಸಿಸ್ ಕತೆ ಮುಗೀತು ಅನ್ಕೋ."

ಮಾನಸ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟಳು. ಇಳಿದುಬಿಡೋಣ ಅನಿಸಿತು. ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದ ನರಸಮ್ಮ ಇವಳನ್ನೇ ನೋಡುತ್ತಿದ್ದಳು. ಮಾನಸ ಮೇಜಿನ ಮೇಲಿದ್ದ ಖಾಲಿ ಪೇಪರ್ ಲೋಟ ಎಳೆದುಕೊಂಡು, ತುಳಸಿಯ ಬಾಟಲಿಯನ್ನು ಬಗ್ಗಿಸಿದಳು. ಮಬ್ಬು ನೀರು ನೊರೆಯೆದ್ದು ಅರ್ಧ ಲೋಟ ತುಂಬಿತು. ಪಕ್ಕದಲ್ಲಿ ಹಾಳೆ ಹರವಿ ಅದರ ಮೇಲೆ ಪೆನ್ನಿಟ್ಟಳು.

"ಅರಿಷ್ಟ ಅಂದ್ರಲ್ಲ ಸಾರ್, ಕುಡೀರಿ" ಎಂದಳು, ಇಡೀ ಸಭೆಗೆ ಕೇಳುವಂತೆ. "ಒಂದೇ ಗುಟುಕು. ನೀವು ಕುಡಿದ್ರೆ, ಔಷಧಿ ನಿಜ ಅಂತ ನಾನು ಇಲ್ಲೇ ಸಹಿ ಹಾಕ್ತೀನಿ."

"ಏನಿದು ಹುಡುಗಾಟ? ಕಶ್ಯಪ್, ಇವಳನ್ನ ಆಚೆ ಕಳ್ಸು!"

ಕಶ್ಯಪ್ ತನ್ನ ಬೂಟನ್ನು ನೋಡಿಕೊಂಡ. ಹಿಂದಿನ ಸಾಲಿನಿಂದ ಯಾವನೋ "ಕುಡೀರಿ ಸಾರ್!" ಎಂದು ಕೂಗಿದ. ಇನ್ನೊಂದು ದನಿ ಸೇರಿತು, ಆಮೇಲೆ ಸಾಲಿಗೆ ಸಾಲೇ ಬೆಂಚು ಬಡಿಯತೊಡಗಿತು.

"ಕುಡಿಯಯ್ಯಾ, ಏನಾಯ್ತದೆ?" ಕೆಂಪಯ್ಯನವರ ಮುಖದಲ್ಲಿ ನಗು ಇರಲಿಲ್ಲ. "ನಿಂದೇ ಔಸ್ದಿ ಅಲ್ವಾ? ನಾಳೆ ಜನಕ್ ಕುಡ್ಸೋದು ನಾನು."

ಗೋಪೀನಾಥರು ಕರವಸ್ತ್ರ ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಮಾನಸ ಲೋಟ ಹಿಡಿದು ಎರಡು ಹೆಜ್ಜೆ ಮುಂದೆ ಹೋದಳು.